ಹಣೆಯ ಮೇಲಿಟ್ಟ ಶ್ರುತಿಕವೆ

ಕಿವಿ ಡಾಕ್ಟರರ ಕೋಣೆಯ ಹೊರಗೆ, ಬೆಂಚಿನ ಮೇಲೆ ಅವನೇ!

ವೈಜಯಂತಾ ಸೆರಗನ್ನು ಬಲಗಿವಿಯ ಮೇಲೆ ಎಳೆದುಕೊಂಡಳು. ದಿಗಂಬರ! ಇಚಲಕರಂಜಿಯ ವಿದ್ಯುತ್ ಮಗ್ಗಗಳ ಒಂದೇ ಶೆಡ್ಡಿನಲ್ಲಿ ಅವಳು ನೇಯುವವಳು, ಅವನು ಕೆಟ್ಟ ಮಗ್ಗ ರಿಪೇರಿ ಮಾಡುವವನು. ದಿನವೂ ಜೊತೆಗೆ ನಡೆದು ಮನೆಗೆ ಹೋಗುತ್ತಿದ್ದವನು ದೀಪಾವಳಿಯಿಂದೀಚೆಗೆ ಮಾತೇ ಬಿಟ್ಟಿದ್ದ.

'ನನ್ನ ಬಲಗಿವಿ ಕೆಟ್ಟಿದ್ದು ಗೊತ್ತಾಗಿರಬೇಕು... ಕಿವುಡಿ ಯಾರಿಗೆ ಬೇಕು?'

ಮಗ್ಗದ ಸದ್ದು ಅಪ್ಪನ ಎರಡೂ ಕಿವಿ ತಿಂದಿತ್ತು. ಈಗ ತನ್ನ ಸರದಿ ಎಂದೇ ಅವಳು ನಂಬಿದ್ದಳು.

"ಯಾರೋ ಇವಳು?" ಕಿವಿ ತೋರಿಸಲು ಬಂದು ಪಕ್ಕದಲ್ಲಿ ಕೂತಿದ್ದ ಅವನ ಸೋದರತ್ತೆ ಜೋರಾಗಿ ಕೇಳಿದಳು. "ನಿನಗೆ ಉತ್ತರ ಕೊಡದೆ ಹೋದಳಲ್ಲ, ಅವಳೇನಾ?"

"ಸುಮ್ನಿರು ಆತ್ಯಾ!"

ಯಾವ ಉತ್ತರ? ಕೇಳುವಷ್ಟರಲ್ಲಿ ನರ್ಸ್ ಒಳಗೆ ಕರೆದಳು.

ಡಾಕ್ಟರಮ್ಮ ಎರಡು ಕಾಲಿನ ಉಕ್ಕಿನ ಶ್ರುತಿಕವೆಯನ್ನು ತಮ್ಮ ಮೊಣಕೈಗೆ ತಟ್ಟಿ ಗುಂಯ್‌ಗುಡಿಸಿ, ಅವಳ ಬಲಗಿವಿಯ ಹಿಂದಿನ ಮೂಳೆಗೆ ಒತ್ತಿದರು. ಆಮೇಲೆ ಕಿವಿಯ ಮುಂದೆ ಹಿಡಿದರು.

"ಎಲ್ಲಿ ಜೋರು?"

"ಹಿಂದೆ ಇಟ್ಟಾಗ."

ಮತ್ತೆ ತಟ್ಟಿ ಹಣೆಯ ನಡುವೆ ಇಟ್ಟರು. ಗುಂಯ್... "ಈಗ ಯಾವ ಕಿವೀಲಿ?"

"ಬಲಗಿವೀಲಿ..." ಅವಳು ಗಾಬರಿಯಾದಳು. "ಕೆಟ್ಟ ಕಿವೀಲೇ ಜಾಸ್ತಿ ಕೇಳ್ತಿದೆ ಮೇಡಂ. ತಪ್ಪು ಹೇಳಿದ್ನಾ?"

"ಸರಿಯಾಗೇ ಹೇಳ್ದೆ! ಮಗ್ಗದ ಗದ್ದಲಕ್ಕೆ ಕಿವಿಯ ನರ ಸೋತಿದ್ರೆ ಈ ಸದ್ದು ಒಳ್ಳೆ ಕಿವಿ ಕಡೆ ಹೋಗ್ತಿತ್ತು. ಇದು ಮಗ್ಗದಿಂದ ಆಗಿದ್ದಲ್ಲಮ್ಮ. ಸದ್ದು ಒಳಗೆ ಹೋಗೋ ದಾರೀಲಿ ಅಡ್ಡಿಯಿದೆ. ಒಂದು ಸಣ್ಣ ಮೂಳೆ ಬಿಗಿದಿರಬಹುದು. ಇನ್ನೊಂದೆರಡು ಪರೀಕ್ಷೆ ಮಾಡೋಣ. ಆಪರೇಷನ್‌ನಿಂದ ಸರಿಹೋಗೋ ಭರವಸೆ ಇದೆ."

ಅವಳ ಕಣ್ಣು ತುಂಬಿ ಬಂತು. ಹೊರಗೆ ಬಂದವಳೇ ದಿಗಂಬರನ ಎದುರು ನಿಂತಳು.

"ಯಾವ ಉತ್ತರ?"

ಅವನು ತಲೆ ತಗ್ಗಿಸಿದ. "ದೀಪಾವಳಿ ದಿನ ಮದುವೆ ಆಗ್ತೀಯಾ ಅಂತ ಕೇಳಿದ್ನಲ್ಲ... ನೀನು ಮಾತಾಡದೆ ನಡೆದುಬಿಟ್ಟೆ."

"ಆಗ ಯಾವ ಕಡೆ ಇದ್ದೆ ನೀನು?"

"ನಿನ್ನ ಬಲಕ್ಕೆ. ಯಾಕೆ?"

ವೈಜಯಂತಾ ನಕ್ಕಳು. ನಗುತ್ತಲೇ ಅತ್ತಳು.

"ಆ ಕಿವಿ ಕೇಳಲ್ಲ ಕಣೋ! ಇನ್ನೊಂದು ಸಲ ಕೇಳೋಕೆ ಏನಾಗಿತ್ತು ನಿನಗೆ?"

"ಹೆದರಿಕೆ..." ಅವನು ಬೆಂಚಿನಿಂದ ಎದ್ದು ನಿಂತ. "ಈಗ ಕೇಳ್ಲಾ? ನನ್ನ ಮದುವೆ ಆಗ್ತೀಯಾ ವೈಜೂ?"

"ಕಿವಿಗೆ ಆಪರೇಷನ್ ಆಗ್ಬೇಕಾಗಬಹುದು ಅಂತಾರೆ ಡಾಕ್ಟರಮ್ಮ. ಅದು ಮಾಡಿದ್ರೂ ಸರಿಹೋಗದಿದ್ರೆ?"

"ಎಡಗಡೆ ನಡೀತೀನಿ. ಅಷ್ಟೇ ತಾನೇ?"

ಅವಳ ತುಟಿ ಅಲುಗಿತು.

"ಏನಂದ್ಳೋ? ನನಗೆ ಕೇಳಿಸ್ಲೇ ಇಲ್ಲ!" ಆತ್ಯಾ ಕೂಗಿದಳು.

"ಹೂಂ ಅಂದೆ, ಆತ್ಯಾ!" ಇಡೀ ದವಾಖಾನೆಗೆ ಕೇಳುವಂತೆ ಹೇಳಿ, ವೈಜಯಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ದಿಗಂಬರ ಮೆಲ್ಲಗೆ ಬಾಗಿದ. "ಅದು ಆತ್ಯಾಗೆ ಹೇಳಿದ್ದು. ನನಗೆ?"

ಸೆರಗಿನೊಳಗಿನಿಂದ ಸಣ್ಣ ದನಿ ಬಂತು.

"ಹೂಂ..."