ಅಜ್ಜಿ ಕೊಟ್ಟ ಬುಗುಡಿ

"ಈ ಬುಗುಡಿ ವಾಪಸ್ ತಗೊಳ್ಳಿ. ನಂಗೆ ಈ ಮದುವೆ ಬೇಡ."

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ, ಅಷ್ಟು ಜನರ ನಡುವೆ, ಹೆಮ್ಮರಗಾಲದ ಶಿವರಂಜನಿ ಪುಟ್ಟ ಡಬ್ಬಿಯನ್ನು ಬಸವೇಶನ ಕೈಗೆ ತುರುಕಿದಳು. ನಿಶ್ಚಿತಾರ್ಥದ ದಿನ ಅವನ ಅಜ್ಜಿ ಗುರುಬಸಮ್ಮ ತಮ್ಮ ಕಿವಿಯ ಮೇಲಂಚಿನಿಂದ ಬಿಚ್ಚಿ ಕೊಟ್ಟಿದ್ದ ಬುಗುಡಿ. "ಮುಹೂರ್ತಕ್ಕೆ ಇದ್ನೇ ಆಕ್ಕೊಂಡು ಬಾರವ್ವ" ಎಂದಿದ್ದರು.

ಅವಳ ಫೋನ್ ಬಂದ ಕೂಡಲೇ ತನ್ನೂರು ಹೆಮ್ಮಿಗೆಯಿಂದ ಓಡೋಡಿ ಬಂದಿದ್ದ ಬಸವೇಶ ಡಬ್ಬಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ... ನನ್ನ ಮನಸ್ಸಲ್ಲಿ ಬೇರೆಯವರು ಇದ್ದಾರೆ."

ಸುಳ್ಳು! ಅವಳ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಚಿಕ್ಕಮ್ಮ ಚನ್ನಾಜಮ್ಮನಿಗೂ ಅಲ್ಲೇ ಗಂಟು ಬಂದಿತ್ತು. ರಕ್ತದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. 'ನನ್ನನ್ನು ಕಟ್ಟಿಕೊಂಡು ಇವರೇಕೆ ಕಣ್ಣೀರು ಹಾಕಬೇಕು...'

ಗಾಳಿಗೆ ಅವಳ ಕೂದಲು ಹಾರಿತು. ಕಿವಿಯ ಮೇಲಂಚಿನಲ್ಲಿ ಅಕ್ಕಸಾಲಿ ಚುಚ್ಚಿದ ಹೊಸ ತೂತು ಕೆಂಪಗೆ ಊದಿ ಕೀವು ಕಟ್ಟಿದ್ದು ಬಸವೇಶನಿಗೆ ಕಂಡಿತು.

"ಮನಸ್ಸಲ್ಲಿ ಬೇರೆಯವರನ್ನ ಇಟ್ಕೊಂಡೋರು ನಮ್ಮಜ್ಜಿ ಬುಗುಡಿಗೆ ಕಿವಿ ಚುಚ್ಚಿಸ್ಕೊತಾರೇನ್ರೀ?"

ಶಿವರಂಜನಿ ಬಿಕ್ಕಿ ಬಿಕ್ಕಿ ಎಲ್ಲವನ್ನೂ ಹೇಳಿದಳು. ಅವನು ಅವಳನ್ನು ನೇರವಾಗಿ ಡಾಕ್ಟರ್ ಹೇಮಲತಾ ಅವರ ಬಳಿ ಕರೆದೊಯ್ದ.

ಡಾಕ್ಟರ್ ಗಂಟನ್ನು ಒತ್ತಿದಾಗ ಅವಳು "ಅಮ್ಮಾ..." ಎಂದಳು.

"ನೋಯ್ತಿದೆ, ಮೆತ್ತಗಿದೆ, ಬೆರಳಿಗೆ ಜಾರುತ್ತೆ. ನಿಮ್ಮ ಚಿಕ್ಕಮ್ಮನ ಗಂಟು ಹೆಂಗಿತ್ತು?"

"ನೋವೇ ಇರ್ಲಿಲ್ಲ ಮೇಡಂ. ರಬ್ಬರ್ ತರ ಗಟ್ಟಿ. ಬರ್ತಾ ಬರ್ತಾ ತುಂಬ ಸಣ್ಣಗಾದ್ರು... ರಾತ್ರಿ ಬೆವರಿಗೆ ಹಾಸಿಗೆಯೆಲ್ಲ ಒದ್ದೆ ಆಗೋದು."

"ನಿಮಗೆ ಅದ್ಯಾವುದೂ ಇಲ್ಲ. ಕಿವಿ ಕೀವಾಗಿರೋದ್ರಿಂದ ಕುತ್ತಿಗೆಯ ಗ್ರಂಥಿ ಊದ್ಕೊಂಡಿರೋ ಹಾಗಿದೆ. ಮಾತ್ರೆ ಕೊಡ್ತೀನಿ, ರಕ್ತಾನೂ ನೋಡೋಣ. ಎರಡು ವಾರದಲ್ಲಿ ಇಳೀದಿದ್ರೆ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡ್ಬೇಕಾಗುತ್ತೆ."

ಹೊರಗೆ ಬಂದ ಮೇಲೆ ಬಸವೇಶ ಹೇಳಿದ್ದು ಇಷ್ಟೇ. "ಏನೇ ಬರ್ಲಿ, ನಾನು ಜೊತೆಗಿರ್ತೀನಿ."

ರಕ್ತದ ವರದಿ ಚೆನ್ನಾಗಿಯೇ ಬಂತು. ಆದರೂ ಶಿವರಂಜನಿ ದಿನವೂ ಹೆದರುತ್ತಲೇ ಗಂಟು ಮುಟ್ಟಿ ನೋಡಿಕೊಂಡಳು. ಎರಡು ವಾರ ಕಳೆದ ಮೇಲೆ ಡಾಕ್ಟರ್ ಕುತ್ತಿಗೆಯ ಮೇಲೆ ಬೆರಳಾಡಿಸಿ ನಕ್ಕರು.

"ಕೈಗೇ ಸಿಗ್ತಿಲ್ಲ. ಹೋಗಿ, ಮದುವೆ ಮಾಡ್ಕೊಳ್ಳಿ."

ಮೆಟ್ಟಿಲಿಳಿಯುವಾಗ ಅವಳಿಗೆ ನೆಲವೇ ಕಾಣಲಿಲ್ಲ, ಅಷ್ಟು ಸಂತೋಷ! ಆದರೆ ಕಿವಿ ಮುಟ್ಟಿಕೊಂಡು ಮುಖ ಸಪ್ಪಗೆ ಮಾಡಿದಳು.

"ತೂತು ಮುಚ್ಚಿಹೋಯ್ತು ಕಣ್ರೀ. ಅಜ್ಜಿ ಬೇಜಾರು ಮಾಡ್ಕೊತಾರಾ?"

"ಬುಗುಡಿ ಪೆಟ್ಟಿಗೇಲಿರ್ಲಿ, ಹುಡುಗಿ ಮನೇಗೆ ಬರ್ಲಿ ಅಂದ್ರು."

"ಮತ್ತೆ ನೀವು?"

"ನಾನಾ? ಆವತ್ತು ನಿಮ್ಮ ಮನಸ್ಸಲ್ಲಿ ಯಾರೋ ಇದ್ದಾರೆ ಅಂದ್ರಲ್ಲ... ಅವರ ಹೆಸರು ಕೇಳೋಣ ಅಂತಿದ್ದೆ."

ಕಟ್ಟಿಕೊಳ್ಳುವವನ ಹೆಸರನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದ ಮನೆ ಅವಳದು. ಈವರೆಗೆ ಅವಳೂ ಹೇಳಿರಲಿಲ್ಲ. ಮೆಲ್ಲಗೆ ಅವನ ಕೈ ಹಿಡಿದಳು.

"ಬಸವೇಶ ಅಂತ."