ದೀಪದ ಗೂಡು ಬಿಟ್ಟ ಗೋಡೆ

ನಾನೂ ಯಶೋಧರಾಳೂ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ ಹಾಜರಾಬಿ ಬಂದು ಹೊಸ್ತಿಲ ಮೇಲೆ ಕುಳಿತಳು. ಸವಣೂರಿನ ನಮ್ಮ ಹಳೆಪೇಟೆಯಲ್ಲಿ ಏನು ಗೋಜಲಾದರೂ ಜನ ಯಶೋಧರಾಳನ್ನು ಹುಡುಕಿಕೊಂಡು ಬರುತ್ತಾರೆ. ಅವಳ ಬೆನ್ನಿಗೆ ಹೋಗುವವಳು ಅಡಿವೆವ್ವ, ಅಂದರೆ ನಾನು.

ಹಾಜರಾಬಿ ತಂಗಿಯ ಮಗಳ ಬಾಣಂತನಕ್ಕೆಂದು ಹುಲಗೂರಿಗೆ ಹೋಗಿದ್ದಳು. ಮರಳಿ ಬಂದರೆ ಅವಳ ಮನೆಯ ಬೀದಿಗೋಡೆಗೆ ಯಾರೋ ಸಿಮೆಂಟ್ ಮೆತ್ತಿದ್ದರು. ಹಳೆಯ ಮನೆಗಳನ್ನು ಇದ್ದಂತೆಯೇ ಉಳಿಸಬೇಕೆಂಬ ಸರ್ಕಾರದ ನಿಯಮದಂತೆ ಹಳೆಪೇಟೆಯಲ್ಲಿ ಬೀದಿ ಕಡೆಯ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು, ಅದೂ ಓಣಿ ಸಮಿತಿಯ ಮೂಲಕ ಅರ್ಜಿ ಕಳಿಸಿ ಅಪ್ಪಣೆ ಪಡೆದು. ತಪ್ಪಿದವರಿಗೆ ರಿಪೇರಿಗೆ ಸರ್ಕಾರದ ನೆರವಿಲ್ಲ. ನೆರವಿಲ್ಲದಿದ್ದರೆ ಅವಳ ಮಾಳಿಗೆ ಈ ಮಳೆಗಾಲ ದಾಟುವಂತಿರಲಿಲ್ಲ.

"ಗ್ವಾಡಿ ಬಿರಕ ಬಿಟ್ಟೈತಿ, ಗಾರಿ ಮಾಡಸ್ತೇನಿ ಅಂತ ರಮಜಾನದ ಮುಂದನ ಅರ್ಜಿ ಕೊಟ್ಟೇನ್ರಿ. ಉತ್ತರಾನ ಇಲ್ಲ. ಈಗ ನಾನ ಕದ್ದು ಮಾಡಿಸೇನಿ ಅಂತಾರ," ಎಂದಳು.

ಹೋಗಿ ನೋಡಿದೆವು. ಓಣಿಯ ಆ ತುದಿಯಲ್ಲಿ ದೀಪ ಹತ್ತುವ ಮನೆಗಳು ಎರಡೇ. ಒಂದು ಹಾಜರಾಬಿಯದು, ಎದುರಿನದು ಓಣಿ ಸಮಿತಿಯ ಅಧ್ಯಕ್ಷ ಕರಬಸಪ್ಪನದು. ಕೀಲಿ ಬಿದ್ದ ಉಳಿದ ಮನೆಗಳೆಲ್ಲ ಅವನ್ನು ಒಂದೊಂದಾಗಿ ಕೊಂಡುಕೊಂಡ ಮುಜಾಫರನವು. ಹಾಜರಾಬಿಯ ಮನೆಯನ್ನೂ ಅವನು ಎಷ್ಟೋ ಸಲ ಕೇಳಿದ್ದ. ನಾನು ಅವನ ಹೆಸರು ಪಿಸುಗುಟ್ಟಿದೆ. ಯಶೋಧರಾ ಗೋಡೆಯ ಮೇಲೆ ಕೈಯಾಡಿಸಿದಳು. ಮಧ್ಯಾಹ್ನವೆಲ್ಲ ಬಿಸಿಲು ಬೀಳುವ ಗೋಡೆ, ಆದರೂ ಸಿಮೆಂಟು ಒಂದೆಡೆಯೂ ಬಿರುಕು ಬಿಟ್ಟಿರಲಿಲ್ಲ. ಹಾಜರಾಬಿ ದಿನಾ ಸಂಜೆ ಹಣತೆ ಹಚ್ಚಿಡುವ, ಬಾಗಿಲ ಪಕ್ಕದ ದೀಪದ ಗೂಡನ್ನು ಮಾತ್ರ ಬಿಟ್ಟು, ಅದರ ಅಂಚನ್ನು ಬೆರಳಿನಿಂದ ತೀಡಿದ್ದರು.

ಯಶೋಧರಾ ಹೇಳಿ ಕಳಿಸಿದ್ದಕ್ಕೆ ಸಂಜೆ ಮುಜಾಫರ, ಕರಬಸಪ್ಪ ಇಬ್ಬರೂ ಹಾಜರಾಬಿಯ ಕಟ್ಟೆಗೆ ಬಂದರು.

"ಮನಿ ಕೇಳೇನಿ, ಖರೆ. ಸಿಮೆಂಟ್ ಹಚ್ಚಿಲ್ಲ," ಎಂದ ಮುಜಾಫರ.

"ನೀ ಅಲ್ಲಪಾ," ಎಂದಳು ಯಶೋಧರಾ. "ಕೇಡು ಬಗಿಯಾಂವ ಹಚ್ಚಿ ಹೋಗಿಬಿಡತಿದ್ದ. ಇದಕ್ಕ ದಿನಾ ನೀರು ಹೊಡದಾರ, ಇಲ್ಲಂದ್ರ ಈ ಬಿಸಲಿಗೆ ಬಿರಕ ಬಿಡತಿತ್ತು. ಗೂಡು ಬಿಟ್ಟಾರ, ಅಂದ್ರ ಆ ದೀಪ ಅವರಿಗೆ ಬೇಕು. ಗ್ವಾಡಿ ಬೀಳ್ತೈತಿ ಅಂತ ಅಂಜಿದಾವರು ಅರ್ಜಿ ಏನಾತು ಅಂತ ಸಮಿತಿಗೆ ಕೇಳಬೇಕಿತ್ತು. ಕೇಳಾಕ ಆಗದಾಂವ ಒಬ್ಬನ. ಅರ್ಜಿ ಯಾರ ಕಡೆ ಕುಂತೈತಿ, ಅಂವ."

ಕರಬಸಪ್ಪ ತನ್ನ ಮನೆಯ ಕಡೆಗೇ ನೋಡುತ್ತ ಹೇಳಿದ.

"ಅರ್ಜಿ ಮ್ಯಾಲಿನ ಕಚೇರಿಗೆ ಹೋಗಿ ಕೆಲಸ ಶುರು ಆದ್ರ ಇವರು ಮನಿ ಬಿಟ್ಟು ಹುಲಗೂರಿಗೆ ಹೋಗಬೇಕು. ಈ ದೀಪ ಇಲ್ಲಂದ್ರ ಓಣ್ಯಾಗ ನಾ ಒಬ್ಬನ. ನಾಳೆ ಕಳಸಿದ್ರಾತು ಅಂತ ಇಟಗೊಂಡೆ. ಇವರು ಊರಾಗ ಇಲ್ಲದಾಗ ಬಿರಕ ದೊಡ್ಡದಾತು. ಅಂಜಿ, ಗಾರಿ ಅರಿಯಾಕ ಹೊತ್ತಿಲ್ಲಂತ ನಾನ ಸಿಮೆಂಟ್ ಕಲಸಿ ಹಚ್ಚಿದೆ."

"ನಿಯಮ ಮೀರಿದಿ ಅಂತ ನನ್ನ ಅಲ್ಯುಮಿನಿಯಂ ಕಿಡಕಿ ತಗಸಿದಾವರು ಇವರ ನೋಡ್ರಿ," ಎಂದ ಮುಜಾಫರ.

ಹಾಜರಾಬಿ ಎದ್ದು, ಗೂಡಿನ ಹಣತೆ ತೆಗೆದು ಕರಬಸಪ್ಪನ ಕೈಗಿಟ್ಟಳು. "ನಾ ತಿರುಗಿ ಬರೂತನಕ ನಿಮ್ಮ ಕಟ್ಟಿ ಮ್ಯಾಲೆ ಹಚ್ಚರಿ. ಎಣ್ಣಿ ಕಡಿಮಿ ಹಾಕಬ್ಯಾಡ್ರಿ."

ಮರುದಿನ ಅವನ ಜೊತೆ ನಾವೂ ಅಂಚೆಕಚೇರಿಗೆ ಹೋದೆವು. ಸಿಮೆಂಟು ತನ್ನ ಕೆಲಸ, ಕೆರೆದು ತೆಗೆಸುವುದೂ ತನ್ನ ಖರ್ಚು ಎಂದು ಅರ್ಜಿಯ ಕೆಳಗೆ ಬರೆದು ಸಹಿ ಮಾಡಿದ್ದ. ಲಕೋಟೆಯನ್ನು ಕೊಟ್ಟ ಮೇಲೂ ಅದರ ತುದಿ ಅವನ ಬೆರಳಲ್ಲೇ ಇತ್ತು. "ಬಿಡ್ರಿ ಯಜಮಾನ್ರ," ಎಂದ ಗುಮಾಸ್ತ. ಬಿಟ್ಟ.