ಗಾಳಿಪಂಪಿನ ಬಾಲ

ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆ ಎಂದು ಮನೆಬಾಗಿಲಿಗೆ ಬರುವ ಗಂಡಸನ್ನು ನಾನಂತೂ ನಂಬುವವಳಲ್ಲ. ನೋಡಲು ಚೆಂದ ಇದ್ದರೆ ಇನ್ನೂ ನಂಬುವುದಿಲ್ಲ.

ಬಿಜೂರಿನ ನಮ್ಮ ತೆಂಗಿನ ತೋಟದಲ್ಲಿ ಅಜ್ಜಯ್ಯ ನಿಲ್ಲಿಸಿದ ಗಾಳಿಪಂಪು ಇದೆ. ಕರೆಂಟು ಬರುವ ಮೊದಲು ಬಾವಿಯ ನೀರನ್ನು ಗದ್ದೆಗೆ ಹಾಯಿಸಿದ್ದು ಅದೇ. ಈಗ ತುಕ್ಕು ಹಿಡಿದು ನಿಂತುಬಿಟ್ಟಿತ್ತು. ಮಳೆಗಾಲದೊಳಗೆ ತಿರುಗದಿದ್ದರೆ ಗುಜರಿಗೆ ಎಂದರು ಅಪ್ಪಯ್ಯ. ಅಜ್ಜಯ್ಯನ ಹೆಗಲ ಮೇಲೆ ಕೂತು ಅದರ ರೆಕ್ಕೆ ನೋಡುತ್ತ ಬೆಳೆದವಳು ನಾನು. ಆ ದಿನ ನನಗೆ ಊಟ ಸೇರಲಿಲ್ಲ.

ಅಂಥ ಹೊತ್ತಿಗೆ ಪಂಪನ್ನು ಪುಕ್ಕಟೆ ಸರಿಮಾಡುತ್ತೇನೆ ಎನ್ನುತ್ತ ಬಂದವನು ಕೋಡಿಯ ಬೋಟ್ ಮೆಕ್ಯಾನಿಕ್ ಯೋಗೀಶ್.

"ನಿಮ್ಗ್ ಯಾರ್ ಹೇಳ್ದ್ರ್?" ಎಂದೆ.

"ಕಡಲಲ್ಲಿ ನಿಮ್ ಪಂಪೂ ಹಿಂದಿನ ಗುಡ್ಡವೂ ಒಂದೇ ಸಾಲಿಗೆ ಕಂಡ್ರೆ ನಮ್ಮಪ್ಪ ಅಲ್ಲೇ ಬಲೆ ಬಿಡ್ತಿದ್ರ್. ಅದನ್ನ ಗುಜ್ರಿಗ್ ಕೊಡ್ತ್ರ್ ಅಂಬ್ರ್. ಅದ್ಕೆ ಬಂದೆ."

ಕಥೆ ಚೆನ್ನಾಗಿತ್ತು. ಗುಜರಿಯವನೇ ಕಳಿಸಿರಬೇಕು ಎಂದುಕೊಂಡೆ.

ಅವನು ಮೇಲೆ ಹತ್ತಿದರೆ ನಾನು ಕೆಳಗೆ ಕುರ್ಚಿ ಹಾಕಿ ಒಂದೊಂದು ಬೋಲ್ಟನ್ನೂ ನೋಡುತ್ತ ಕಾವಲು. ಅವನು ಬಗ್ಗಿ ನೋಡಿ ನಗುತ್ತಿದ್ದ.

"ಹ್ವಾಯ್, ಬೋಲ್ಟ್ ಕಾಂಬುದಾ, ನನ್ನ್ ಕಾಂಬುದಾ?"

"ಬೋಲ್ಟ್!" ಎಂದೆ. ಅದು ಅರ್ಧ ಸುಳ್ಳು.

ಒಂದು ದಿನ ಗಾಳಿ ಬಂದತ್ತ ರೆಕ್ಕೆಗಳ ಮುಖ ತಿರುಗಿಸುವ ಬಾಲದ ತಗಡನ್ನು ಬಿಚ್ಚಿ, "ಬಣ್ಣ ಹೊಡ್ಕಂಡ್ ಬತ್ತೆ" ಎಂದು ಹೊತ್ತೊಯ್ದ. ಆಮೇಲೆ ಪತ್ತೆಯಿಲ್ಲ. ಫೋನ್ ಮಾಡಿದರೆ "ನಾಳೆ ತತ್ತೆ" ಎಂಬ ಒಂದೇ ರಾಗ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ನಾನೇ ಸ್ಕೂಟರ್ ಹತ್ತಿ ಕೋಡಿಗೆ ಹೋದೆ.

ಅವನ ಶೆಡ್ಡಿನ ಮೂಲೆಯಲ್ಲಿ ಏನನ್ನೋ ಟಾರ್ಪಾಲು ಮುಚ್ಚಿ ಇಡಲಾಗಿತ್ತು. ಯೋಗೀಶ್ ಅಡ್ಡ ನಿಂತ.

"ಅದನ್ನ ಈಗ್ ಕಾಂಬುಕಾಗ."

"ಮಾರಿ ಆಯ್ತಾ?" ಎನ್ನುತ್ತ ಟಾರ್ಪಾಲು ಎಳೆದೆ.

ಬಾಲ ಅಲ್ಲೇ ಇತ್ತು. ಬೋಟಿಗೆ ಹೊಡೆಯುವ ನೀಲಿ ಬಣ್ಣ, ಅದರ ಮೇಲೆ ಬಿಳಿಯಲ್ಲಿ ದಪ್ಪಕ್ಷರ: ಸ್ವಾತಿ. ನನ್ನ ಹೆಸರು!

ಯೋಗೀಶನ ಕಿವಿ ಕೆಂಪಾಗಿತ್ತು. "ಬಣ್ಣ ಹೊಡ್ದ್ ಮೇಲೆ ಬೋಟಿಗ್ ಹೆಸ್ರ್ ಬರೀದೆ ಬಿಡೂದಿಲ್ಲ ನಾವ್. ಅದೇ ಅಭ್ಯಾಸದಂಗೆ ಬರ್ದ್ಬಿಟ್ಟೆ. ಅಳ್ಸುಕೆ ಮನ್ಸ್ ಬರ್ಲಿಲ್ಲ. ಅದ್ಕೇ ತರ್ಲಿಲ್ಲ."

ಬೈಯಲು ಹೋದವಳು ಟಾರ್ಪಾಲನ್ನು ಮೆಲ್ಲಗೆ ಮಡಚಿಟ್ಟೆ.

"ಅಳ್ಸ್‌ಬೇಡಿ," ಎಂದಷ್ಟೇ ಹೇಳಿದೆ.

ಮರುದಿನ ಬಾಲ ಮೇಲೇರಿತು. ಕಡಲ ಗಾಳಿಗೆ ಪಂಪು ನರಳಿ, ಕಿರುಗುಟ್ಟಿ, ಕೊನೆಗೆ ತಿರುಗಿತು. ಗದ್ದೆಗೆ ಹೋಗುವ ತೋಡಿಗೆ ನೀರು ಬಂತು. ಅಪ್ಪಯ್ಯ ಮಾತ್ರ ಕತ್ತೆತ್ತಿ ಬಾಲವನ್ನೇ ಓದುತ್ತಿದ್ದರು. ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಇನ್ ಇದನ್ನ ಗುಜ್ರಿಗ್ ಹ್ಯಾಂಗ್ ಕೊಡೂದ್?" ಎಂದರು. "ಮಗಳ್ ಹೆಸ್ರ್ ಇತ್ತಲೆ ಮಾರಾಯಾ." ಯೋಗೀಶನಿಗೆ ಚಾ ಹೇಳಲು ಒಳಗೆ ಹೋದರು.

ನನ್ನ ಅನುಮಾನ ಮತ್ತೆ ಎದ್ದು ಕೂತಿತು. ಅವನ ಹತ್ತಿರ ಸರಿದೆ.

"ಅಪ್ಪಯ್ಯ ಹಿಂಗೇ ಹೇಳ್ತ್ರ್ ಅಂದ್ ಗೊತ್ತಿದ್ದೇ ಹೆಸ್ರ್ ಬರ್ದದ್ದಾ? ಪಂಪ್ ಉಳ್ಸುಕಾ?"

ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಮೊದಲ ಸಲ ನಗದೆ ನನ್ನನ್ನು ನೋಡಿದ.

"ಪಂಪ್ ಉಳ್ಸುಕ್ ಆದ್ರೆ ನಿಮ್ ಅಜ್ಜಯ್ಯನ್ ಹೆಸ್ರ್ ಬರೀತಿದ್ದೆ."

ಅದನ್ನು ಮಾತ್ರ ನಾನು ನಂಬಿದೆ.